ನಲ್ಲಿ ಕಿವಿಗೊಟ್ಟ ದಿನ

"ಶ್! ಒಂದೇ ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀಯಾ?" ಚಿಕ್ಕಮ್ಮ ಕೋಲಿನ ತುದಿಗೆ ಕಿವಿ ಇಟ್ಟುಕೊಂಡೇ ಕೇಳಿದಳು.

"ಮುಚ್ಕೊಂಡೇ ಇದೀನಲ್ಲ ಚಿಕ್ಕಮ್ಮ! ಬೆಳಗ್ಗೆಯಿಂದ ನಾನು ಮಾತಾಡಿದ್ದೇ ಕಮ್ಮಿ. ಬೇಕಾದ್ರೆ ಅಜ್ಜನ್ನ ಕೇಳು. ಅಜ್ಜ ಏನು ಹೇಳಿದ ಗೊತ್ತಾ..."

ಮನೆಯವರೆಲ್ಲ ಈ ಹುಡುಗಿಯನ್ನು 'ನಲ್ಲಿ' ಎಂದು ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ. ಸ್ವಲ್ಪ ತಿರುಗಿಸಿದರೆ ಸಾಕು, ಮಾತು ಧಾರಾಕಾರ. ನಿಲ್ಲಿಸುವುದು ಹೇಗೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಮ್ಮನಿಗೆ ನೀರಿನ ಇಲಾಖೆಯಲ್ಲಿ ಕೆಲಸ. ನೆಲದೊಳಗೆ ಪೈಪು ಎಲ್ಲಿ ಸೋರುತ್ತಿದೆ ಎಂದು ಪತ್ತೆ ಹಚ್ಚಬೇಕು. ಉದ್ದನೆಯ ಕೋಲಿನ ಒಂದು ತುದಿ ನೆಲಕ್ಕೆ, ಇನ್ನೊಂದು ಕಿವಿಗೆ. ಕೆಳಗೆ ನೀರು ಸೋರುತ್ತಿದ್ದರೆ 'ಸುಂಯ್' ಎಂಬ ಸದ್ದು ಕೋಲು ಹತ್ತಿ ಬರುತ್ತದೆ.

ಇವತ್ತು ಹುಡುಕುತ್ತಿದ್ದದ್ದು ಮೀನುಬಾಯಿಗೆ ನೀರು ತರುವ ಪೈಪಿನ ಸೋರಿಕೆಯನ್ನು. ಬೀದಿಯ ಮೂಲೆಯಲ್ಲಿ ಒಂದು ಕಲ್ಲಿನ ಮೀನು, ಅದರ ಬಾಯಲ್ಲಿ ಹಿತ್ತಾಳೆಯ ನಲ್ಲಿ. ಊರಿಗೆ ಬಂದ ಮೊಟ್ಟಮೊದಲ ನಲ್ಲಿ ಅದೇ. ಅದಕ್ಕೂ ಮುಂಚೆ ಎಲ್ಲರೂ ಹೊಳೆಯಿಂದಲೇ ನೀರು ಹೊತ್ತು ತರಬೇಕಿತ್ತು. ಮೊದಲ ದಿನ ಮೀನಿನ ಬಾಯಿಂದ ನೀರು ಸುರಿದಾಗ ಅಜ್ಜನ ಅಜ್ಜಿ, "ಅಯ್ಯೋ, ಹೊಳೆಗೆ ಕಾಲು ಬಂತಲ್ಲೇ!" ಎಂದು ಕೂಗಿದ್ದಳಂತೆ.

ಈಗಲೂ ಶಾಲೆ ಬಿಟ್ಟ ಕೂಡಲೇ ಮಕ್ಕಳು ಮೊದಲು ಓಡುವುದು ಅಲ್ಲಿಗೇ. ಆದರೆ ಕೆಲವು ದಿನಗಳಿಂದ ನೀರು ನೂಲಿನಷ್ಟು ಸಣ್ಣಗೆ ಬರುತ್ತಿತ್ತು.

"ಸಾಯಂಕಾಲದೊಳಗೆ ಸೋರೋ ಜಾಗ ಸಿಗ್ಲಿಲ್ಲ ಅಂದ್ರೆ ಈ ಲೈನ್ ಕಟ್," ಎಂದು ಮೇಸ್ತ್ರಿ ಬೆಳಗ್ಗೆಯೇ ಹೇಳಿದ್ದ. "ಹೊಳೇಲೇ ನೀರು ತಳ ಕಂಡಿದೆ. ಇರೋದನ್ನೂ ಮಣ್ಣಿಗೆ ಕುಡಿಸೋಕಾಗುತ್ತಾ? ಮೀನಿನ ಬಾಯಿಗೆ ಸಿಮೆಂಟೇ ಗತಿ."

ಸಿಮೆಂಟು! ಅದಕ್ಕೇ ನಲ್ಲಿ ರಜೆಯ ದಿನ ಆಟ ಬಿಟ್ಟು ಚಿಕ್ಕಮ್ಮನ ಬಾಲ ಹಿಡಿದು ಬಂದಿದ್ದಳು.

"ಹೆಲ್ಪ್ ಮಾಡ್ಬೇಕು ತಾನೆ? ಕೋಲಿನ ಬುಡ ಅಲುಗದ ಹಾಗೆ ಹಿಡ್ಕೋ. ಮಾತು ಮಾತ್ರ ಬೇಡ."

ನಲ್ಲಿ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈಯಿಂದ ಕೋಲು ಹಿಡಿದಳು. ಗಲ್ಲವನ್ನೂ ಅದಕ್ಕೆ ಒತ್ತಿದಳು. ಮಾತು ಬಾಯಿಯ ತನಕ ಬಂದು ಬಂದು ವಾಪಸ್ ಹೋಯಿತು. ಪಾಪ, ಎಷ್ಟು ಹೊತ್ತು ಅಂತ ತಡೆದುಕೊಂಡಾಳು? ಹೋದ ವಾರ ಬಿದ್ದ ಮುಂದಿನ ಹಲ್ಲಿನ ಸಂದಿಯಿಂದ ಮೆಲ್ಲಗೆ ಗಾಳಿ ಬಿಡತೊಡಗಿದಳು.

"ಸಿಕ್ತು!" ಚಿಕ್ಕಮ್ಮ ಚಾಕ್‌ಪೀಸಿನಿಂದ ಗುರುತು ಹಾಕಿದಳು.

ಕೆಲಸದವರು ಅಗೆದರು. ಅಜ್ಜ ಕುರ್ಚಿ ತಂದು ಹಾಕಿಕೊಂಡು ನೋಡುತ್ತ ಕುಳಿತ. ಪೈಪು ಕಾಣಿಸಿತು, ಆದರೆ ಸುತ್ತಲಿನ ಮಣ್ಣು ಒಣಗಿ ಪುಡಿಪುಡಿಯಾಗಿತ್ತು. ಒಂದು ಹನಿಯೂ ಇಲ್ಲ.

"ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದ ಅಜ್ಜ.

"ಇಲಿನೂ ಸಿಗ್ಲಿಲ್ವಲ್ಲ ಯಜಮಾನ್ರೇ!" ಮೇಸ್ತ್ರಿ ಬೆವರು ಒರೆಸಿಕೊಂಡ. "ಇನ್ನೊಂದೇ ಗುಂಡಿ ಮೇಡಂ. ಆಮೇಲೆ ನನ್ನ ಕೇಳ್ಬೇಡಿ."

ಚಿಕ್ಕಮ್ಮನ ಮುಖ ಸಪ್ಪಗಾಯಿತು. "ಸರಿಯಾಗಿ ಕೇಳಿಸ್ತಲ್ಲ, ಸುಂಯ್ ಅಂತ..."

"ಚಿಕ್ಕಮ್ಮಾ, ಅದು... ಹೀಗಾ?" ಎಂದು ನಲ್ಲಿ ಹಲ್ಲಿನ ಸಂದಿಯಿಂದ ಗಾಳಿ ಬಿಟ್ಟು ತೋರಿಸಿದಳು.

ಚಿಕ್ಕಮ್ಮ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡಿದಳು. ಆಮೇಲೆ ಗುಂಡಿಯ ಪಕ್ಕದಲ್ಲೇ ಕುಳಿತು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮೇಸ್ತ್ರಿಗಳೇ, ಸೋರ್ತಿದ್ದದ್ದು ಪೈಪಲ್ಲ, ನಮ್ಮನೆ ನಲ್ಲಿ!"

ಮೇಸ್ತ್ರಿಗೂ ನಗು ತಡೆಯಲಾಗಲಿಲ್ಲ. ನಲ್ಲಿಗೆ ಮಾತ್ರ ಅಳು ಬಂತು. "ನನ್ನಿಂದ ಮೀನುಬಾಯಿ ಹೋಗ್ಬಿಡುತ್ತೆ."

"ಅಳ್ತಾ ಕೂತ್ರೆ ಆಯ್ತಾ? ಬಾ, ಈಗ ನೀನೇ ಕಿವಿಗೊಡು. ಕಿವಿಗೆ ಕೆಲಸ ಕೊಟ್ರೆ ಬಾಯಿ ತಾನಾಗೇ ಸುಮ್ಮನಾಗುತ್ತೆ."

ನಲ್ಲಿ ಕೋಲಿಗೆ ಕಿವಿ ಇಟ್ಟಳು. ಮೊದಲು ಕೇಳಿಸಿದ್ದು ಟೈಲರ್ ಅಂಗಡಿಯ ಮಷಿನ್ನಿನ ಕಟಕಟ. ಆಮೇಲೆ ಯಾರೋ ಬಕೆಟ್ ಎಳೆದ ಸದ್ದು. ಆಮೇಲೆ ಅವಳದೇ ಎದೆಯ ಡವಡವ. ಚಿಕ್ಕಮ್ಮ ಕೋಲನ್ನು ಮುಂದೆ ಇಟ್ಟಳು. ಇನ್ನೂ ಮುಂದೆ. ಟೈಲರ್ ಅಂಗಡಿಯ ಮೆಟ್ಟಿಲ ಹತ್ತಿರ ಬಂದಾಗ, ಆ ಎಲ್ಲ ಸದ್ದುಗಳ ಅಡಿಯಲ್ಲಿ, ತೆಳ್ಳಗೆ ಕೇಳಿಸಿತು.

ಸುಂಯ್...

ತನ್ನ ಹಲ್ಲೇ ಇರಬೇಕೆಂದು ನಲ್ಲಿ ಬಾಯಿಗೆ ಕೈ ಅಡ್ಡ ಹಿಡಿದಳು. ಸದ್ದು ನಿಲ್ಲಲಿಲ್ಲ.

ಎಲ್ಲಿಯ ಹೊಳೆ! ಬೆಟ್ಟ ಇಳಿದು, ಬಯಲು ದಾಟಿ, ಇಷ್ಟು ದೂರ ನಡೆದು ಬಂದು, ಮೀನಿನ ಬಾಯಿ ಇನ್ನು ನಾಲ್ಕು ಹೆಜ್ಜೆ ಇರುವಾಗ ಮಣ್ಣೊಳಗೆ ಜಾರಿಹೋಗುತ್ತಿತ್ತು. ಈ ಮೆಟ್ಟಿಲ ಮೇಲೇ ಕುಳಿತು ಅವಳು ದಿನಾ ಹರಟೆ ಹೊಡೆದಿದ್ದಳು. ಹೊಳೆ ಕೆಳಗಿನಿಂದ ಕರೆಯುತ್ತಲೇ ಇದ್ದಿರಬೇಕು. ನಲ್ಲಿಗೆ ಅದರ ಮೇಲೆ ತುಂಬ ಕನಿಕರ ಬಂತು.

ಅವಳು ಒಂದು ಮಾತೂ ಆಡಲಿಲ್ಲ. ಬೆರಳು ಮಾಡಿ ನೆಲ ತೋರಿಸಿದಳು. ಚಿಕ್ಕಮ್ಮ ತಾನೂ ಕಿವಿ ಇಟ್ಟು ಕೇಳಿ, ತಲೆಯಾಡಿಸಿದಳು.

ಗುದ್ದಲಿ ಬಿತ್ತು. ಸ್ವಲ್ಪ ಹೊತ್ತಿಗೆಲ್ಲ ಒದ್ದೆ ಮಣ್ಣು, ಆಮೇಲೆ ಕೆಸರು, ಆಮೇಲೆ ಚಿಮ್ಮಿದ ನೀರು ನೇರ ಮೇಸ್ತ್ರಿಯ ಮೀಸೆಗೆ!

"ಸಿಕ್ತೂ!" ಇಡೀ ಬೀದಿಯೇ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದ್ದು ಒದ್ದೆಯಾದ ಮೇಸ್ತ್ರಿ.

ಪೈಪು ರಿಪೇರಿಯಾಗಿ ಮತ್ತೆ ನೀರು ಬಿಟ್ಟಾಗ ಮೀನಿನ ಬಾಯಿಂದ ತೋಳಿನ ಗಾತ್ರದ ಧಾರೆ ಸುರಿಯಿತು. "ಹೊಳೆಗೆ ಮತ್ತೆ ಕಾಲು ಬಂತು!" ಎಂದು ಅಜ್ಜ ಕುರ್ಚಿಯಿಂದಲೇ ಚಪ್ಪಾಳೆ ತಟ್ಟಿದ. ಮಕ್ಕಳೆಲ್ಲ ಕುಡಿದರು, ಮುಖ ತೊಳೆದರು, ನಕ್ಕರು.

ಉಳಿದವರೆಲ್ಲ ಮನೆಗೆ ಹೊರಟ ಮೇಲೆ ನಲ್ಲಿ ಮೀನಿನ ಬಾಯಿಯ ನಲ್ಲಿಯನ್ನು ತಿರುಗಿಸಿ ಬಿಗಿ ಮಾಡಿದಳು. ಕೊನೆಯ ಹನಿ ಟಪ್ಪೆಂದು ಬಿತ್ತು. ಅವಳು ಬಗ್ಗಿ, ತಣ್ಣಗಿದ್ದ ಕಲ್ಲಿಗೆ ಕಿವಿ ಇಟ್ಟಳು.

"ಇನ್ನೂ ಏನು ಕೇಳಿಸ್ತಿದೆ ನಿಂಗೆ?" ಎಂದ ಅಜ್ಜ.

ನಲ್ಲಿ ಕಣ್ಣು ಮುಚ್ಚಿಕೊಂಡೇ ನಕ್ಕಳು.

"ಶ್! ಏನೂ ಇಲ್ಲ ಅಜ್ಜ, ಸುಂಯ್ ಕೂಡ ಇಲ್ಲ. ಬಾ, ನೀನೂ ಕೇಳು."