ಬ್ಯಾಕ್ ಪಕೀರಪ್ಪನ ಬಲಗಾಲು

ಪಟ್ಟಿಯ ಕೊನೆಯ ಸುತ್ತು ಬಿಚ್ಚುವ ಮೊದಲೇ ಆ ವಾಸನೆ ಗಾಳೆಮ್ಮನ ಮೂಗಿಗೆ ಬಡಿಯಿತು.

ಲಿಂಗಸುಗೂರಿನ ದವಾಖಾನೆಯಲ್ಲಿ ಗಾಯ ತೊಳೆಯುವ ಕೆಲಸಕ್ಕೆ ಸೇರಿ ಅವಳಿಗೆ ಮೂರು ವರ್ಷವಾಗಿತ್ತು. ಕೀವು, ರಕ್ತ, ಹುಳ ಬಿದ್ದ ಹುಣ್ಣು... ಎಲ್ಲವನ್ನೂ ನೋಡಿದ್ದಳು. ಆದರೂ ಇವತ್ತು ಮುಖ ಆಚೆ ತಿರುಗಿಸಿದಳು. ಯಾರೋ ಅರೆದು ಮೆತ್ತಿದ್ದ ಸೊಪ್ಪು ಕಪ್ಪಗೆ ಕೊಳೆತು ಬಲಪಾದದ ಅಂಚಿಗೆ ಅಂಟಿಕೊಂಡಿತ್ತು. ಅದರಡಿಯಿಂದ ಹಳದಿ ಕೀವು ಜಿನುಗುತ್ತಿತ್ತು.

"ಎಷ್ಟ್ ದಿನ ಆತ್ರೀ ಇದಾಗಿ?" ಸೆರಗನ್ನು ಮೂಗಿಗೆ ಒತ್ತಿಕೊಂಡು ಕೇಳಿದಳು.

"ಹನ್ನೆರಡು."

ಹನ್ನೆರಡು ದಿನ... ಅವಳ ಮನೆಯಲ್ಲೂ ಒಬ್ಬ ಹನ್ನೆರಡು ದಿನದಿಂದ ಎದ್ದು ನಿಲ್ಲಲಾಗದೆ ಮಲಗಿದ್ದ!

ಗಾಳೆಮ್ಮ ತಲೆ ಎತ್ತಿದಳು. ಅಗಲವಾದ ಭುಜ, ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಜ್ವರದಿಂದ ಕೆಂಪೇರಿದ ಕಣ್ಣು.

ಇವನೇ! ಹೈದರಾಬಾದಿನ ಪಲ್ಟನ್ ಫುಟ್ಬಾಲ್ ತಂಡದ ಬ್ಯಾಕ್ ಪಕೀರಪ್ಪ. ಅಣ್ಣ ಲಾಲಪ್ಪನ ಕಾಲು ಮುರಿದವನು!

ಕೈಯಲ್ಲಿದ್ದ ಪಟ್ಟಿಯನ್ನು ಬೋಗುಣಿಗೆ ಎಸೆದು ಹಿಂದೆ ಸರಿದಳು.

"ಈ ಕಾಲಿಲೇ ಅಲ್ಲೇನು ಒದ್ದಿದ್ದು?"

ಅವನು ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಕೊಳಿಲಿ ಬಿಡು! ನಾ ಮುಟ್ಟಾಂಗಿಲ್ಲ. ಥೂ!"

ಔಷಧಿ ಕೊಡುವ ಕಟ್ಟೆಯಿಂದ ಕಾಂಪೌಂಡರ್ ಬಾಬುಸಾಬ್ ಎದ್ದು ಬಂದರು. ಲಾಲಪ್ಪನ ಕಾಲು ಮುರಿದ ಆಟದಲ್ಲಿ ತೀರ್ಪುಗಾರರಾಗಿ ಸೀಟಿ ಊದಿದ್ದವರು ಅವರೇ. ಅವರ ಮುಖದಲ್ಲೂ ಅಸಹ್ಯವಿತ್ತು.

"ನನಗೂ ಇವನ ಮಾರಿ ನೋಡಾಕ ಆಗವಲ್ದವ್ವಾ. ಆದ್ರ ದವಾಖಾನಿ ಬಾಗಲಾ ಎಲ್ಲಾರಿಗೂ ತೆರದಿರ್ತೈತಿ. ತೊಳಿ."

ಗಾಳೆಮ್ಮ ಹಲ್ಲು ಕಚ್ಚಿ ಕೂತಳು. ಬೇಕೆಂದೇ ಒರಟಾಗಿ ಉಜ್ಜಿದಳು. ಅವನು ಬೆಂಚಿನ ಅಂಚನ್ನು ಬಿಗಿಯಾಗಿ ಹಿಡಿದ, ಒಂದು ಸಲವೂ ಕೂಗಲಿಲ್ಲ. ಕೊನೆಗೆ ಕೇಳಿದ್ದು ಒಂದೇ ಮಾತು.

"ಲಾಲಪ್ಪನ ಕಾಲು ಹೆಂಗೈತ್ರೀ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮುರಿದವನೇ ವಿಚಾರಿಸುತ್ತಾನಲ್ಲ... ಎಂಥ ಹೇಸಿಗೆಯ ಮನುಷ್ಯ!

"ನಾಚಿಕಿ ಅನ್ನೋದು ಐತೇನು ನಿನಗ?" ಎಂದು ಬೋಗುಣಿ ಎತ್ತಿಕೊಂಡು ಹೊರಗೆ ನಡೆದಳು.

ಪಕೀರಪ್ಪ ಮಸ್ಕಿಯವನು. ಚಿಕ್ಕಂದಿನಲ್ಲಿ ದನ ಕಾಯುತ್ತ ಚಿಂದಿಬಟ್ಟೆಯ ಉಂಡೆ ಒದೆಯುತ್ತಿದ್ದವನು ಹದಿನೆಂಟಕ್ಕೆ ಪಲ್ಟನ್ ಸೇರಿದ್ದ. ಬಂದೂಕಿಗಿಂತ ಚೆಂಡೇ ಅವನ ನೌಕರಿಯಾಯಿತು. ಗೋಲಿನ ಮುಂದೆ ಅವನು ನಿಂತರೆ ದಾಟಿ ಹೋಗುವುದು ಕಷ್ಟ ಎಂದು ಸಿಕಂದರಾಬಾದಿನಿಂದ ಬೆಂಗಳೂರಿನ ತನಕ ಮಾತಿತ್ತು. ಆರು ವರ್ಷ, ಬರಿಗಾಲಲ್ಲೇ ಆಡಿದ್ದ.

ಹನ್ನೆರಡು ದಿನದ ಹಿಂದಿನ ಶುಕ್ರವಾರ ಅವನ ತಂಡ ಲಿಂಗಸುಗೂರಿನ ದಂಡಿನ ಛಾವಣಿ ಮೈದಾನಕ್ಕೆ ಬಂದಿತ್ತು. ಊರ ತಂಡದ ಮುಂದಾಳು ಲಾಲಪ್ಪ. ಅಪ್ಪ ಬಸ್ಸಪ್ಪನ ಜೊತೆ ಚರ್ಮ ಹೊಲಿಯುತ್ತ, ತಾನೇ ಹೊಲಿದ ಚೆಂಡಿನಲ್ಲಿ ಆಡುತ್ತ ಬೆಳೆದವನು. ಚೆಂಡಿಗಾಗಿ ಇಬ್ಬರೂ ನುಗ್ಗಿದ್ದರು. ಎರಡು ಕಾಲು ಒಂದಕ್ಕೊಂದು ಸಿಕ್ಕಿ ಇಬ್ಬರೂ ಮಗುಚಿಬಿದ್ದಾಗ, ಕಟ್ಟಿಗೆ ಮುರಿದಂಥ ಸದ್ದು ಮೈದಾನದ ಅಂಚಿನಲ್ಲಿದ್ದ ಗಾಳೆಮ್ಮನಿಗೂ ಕೇಳಿಸಿತ್ತು.

"ಬೇಕಂತ ಒದ್ದಾನ!" ಎಂದು ಲಾಲಪ್ಪ ಚೀರಿದ್ದ.

ಬಾಬುಸಾಬ್ ಕೇಳಿದಾಗ ಪಕೀರಪ್ಪ ತಲೆ ತಗ್ಗಿಸಿ, "ತಪ್ಪು ನಂದ" ಎಂದಿದ್ದ.

ಅಷ್ಟೇ. ಅಂದಿನಿಂದ ಆ ಹೆಸರು ಕೇಳಿದರೆ ಗಾಳೆಮ್ಮನ ಬಾಯಲ್ಲಿ ಕಹಿ.

ಮರುದಿನವೂ ಅವನು ಬಂದ. ಅದರ ಮರುದಿನವೂ. ದವಾಖಾನೆಯ ಹಿಂದಿನ ಪಡಸಾಲೆಯಲ್ಲೇ ಅವನ ವಾಸ.

ಮೂರನೆಯ ದಿನ ಗಾಳೆಮ್ಮ ಒಂದು ವಿಷಯ ಗಮನಿಸಿದಳು. ಅವಳು ಬರುವಷ್ಟರಲ್ಲಿ ಅವನು ತನ್ನ ಪಟ್ಟಿಗಳನ್ನು ತಾನೇ ಒಗೆದು ಒಣಹಾಕಿರುತ್ತಿದ್ದ. ಕೀವಿನ ಬೋಗುಣಿಯನ್ನು ಕುಂಟುತ್ತ ಹೋಗಿ ತಾನೇ ಚೆಲ್ಲಿ ಬರುತ್ತಿದ್ದ.

"ಅದು ನನ್ ಕೆಲಸ" ಎಂದಳು ಬಿರುಸಾಗಿ.

"ಹೊಲಸು ನಂದೈತ್ರೀ. ನೀವ್ಯಾಕ ಎತ್ತಬೇಕು?"

ಹಾಗೆ ಅವಳಿಗೆ ಯಾರೂ ಹೇಳಿರಲಿಲ್ಲ. ಹುಣ್ಣು ತೊಳೆಯುವಾಗ "ಅವ್ವಾ, ತಾಯಿ" ಎನ್ನುತ್ತಿದ್ದವರೇ, ವಾಸಿಯಾದ ಮೇಲೆ ಅವಳ ಕೈಯ ನೀರು ಬೇಡ ಎಂದು ಮುಖ ತಿರುಗಿಸುತ್ತಿದ್ದರು. ಆ ಮುಖಗಳನ್ನು ನೆನೆದರೆ ಯಾವ ಕೀವಿಗಿಂತಲೂ ಹೆಚ್ಚು ವಾಕರಿಕೆ ಬರುತ್ತಿತ್ತು.

"ಪಲ್ಟನ್‌ದಾಗೂ ನಮ್ಮಂಥವ್ರ ಕೈನೀರ ಬ್ಯಾಡೇನು?" ತನಗರಿವಿಲ್ಲದೆ ಕೇಳಿಬಿಟ್ಟಳು.

ಅವನು ನಕ್ಕ. ಸುಖದ ನಗೆಯಲ್ಲ.

"ಗೆದ್ದಾಗ ಎಲ್ಲಾರೂ ಅಪ್ಪಿಕೊಂತಾರ. ಉಣ್ಣಾಕ ಕುಂತಾಗ ನನ್ ತಾಟು ಬಾಗಲಾ ಹೊರಗ."

ಗಾಳೆಮ್ಮನ ಕೈ ಅಂದು ತುಸು ಮೆತ್ತಗಾಯಿತು. ಆದರೆ ಮನೆಗೆ ಬಂದು ಅಣ್ಣನ ಕಾಲಿನ ಬಿದಿರುಪಟ್ಟಿ ಕಂಡಾಗ ತನ್ನ ಮೇಲೇ ಸಿಟ್ಟು ಬಂತು. ಛೀ! ಯಾರ ಮೇಲೆ ಮರುಗುತ್ತಿದ್ದೀನಿ ನಾನು?

ಐದನೆಯ ದಿನ ಬೆಳಿಗ್ಗೆ ಬಾವು ಒಡೆಯಿತು.

ಕೀವು ಒರೆಸುತ್ತ ಒಳಗೆ ಚಿಮಟ ಇಳಿಸಿದಾಗ ಏನೋ ಗಟ್ಟಿಯಾಗಿ ತಗುಲಿತು. ಎಲುಬಲ್ಲ. ಮೆಲ್ಲಗೆ ಹಿಡಿದು ಎಳೆದಳು. ಅವನು ಮೊದಲ ಸಲ "ಯವ್ವಾ!" ಎಂದ.

ಚಿಮಟದ ತುದಿಯಲ್ಲಿ ಒಂದು ಮೊಳೆ.

ಬೆರಳುಗುರಿನಷ್ಟು ಉದ್ದ, ನಾಲ್ಕು ಮೂಲೆಯದು, ತಲೆ ಅರೆದದ್ದು. ಗಾಳೆಮ್ಮ ಉಸಿರು ಹಿಡಿದಳು. ಛಾವಣಿಯ ಕುದುರೆಗಳ ಹಳೆ ಲಾಳದ ಮೊಳೆಗಳನ್ನು ಆಯ್ದು, ಚಪ್ಪಲಿಗೆ ಬಡಿಯಲು ಕಲ್ಲಿಗೆ ಉಜ್ಜಿ ಸಣ್ಣದು ಮಾಡುವವನು ಊರಲ್ಲಿ ಒಬ್ಬನೇ. ಅವಳ ಅಪ್ಪ! ಅವಳು ಹುಟ್ಟಿದಾಗಿನಿಂದ ನೋಡಿದ ಮೊಳೆ.

"ಇದು... ಇದು ನಿಮ್ಮ ಕಾಲಾಗ ಹೆಂಗ..."

"ಮೈದಾನದಾಗ ಬಿದ್ದಿದ್ದು ಚುಚ್ಚಿರಬೇಕು. ಒಗೀರಿ" ಎಂದು ಪಕೀರಪ್ಪ ಅವಸರದಿಂದ ಕೈ ಚಾಚಿದ.

ಆದರೆ ಅವನ ಕಣ್ಣು ಅವಳ ಕಣ್ಣನ್ನು ತಪ್ಪಿಸಿತು. ಅವನಿಗೆ ಗೊತ್ತು!

ಗಾಳೆಮ್ಮ ಮೊಳೆಯನ್ನು ಮುಷ್ಟಿಯಲ್ಲಿ ಹಿಡಿದು ಮನೆಗೆ ಓಡಿದಳು. ಆಟದ ದಿನ ಅಣ್ಣ ಕಣಕಾಲಿಗೆ ಸುತ್ತಿದ್ದ ಚರ್ಮದ ಪಟ್ಟಿ ಗೂಟಕ್ಕೆ ನೇತಾಡುತ್ತಿತ್ತು. ಅದನ್ನು ಹೊಲಿದುಕೊಟ್ಟವಳು ಅವಳೇ. ಆಮೇಲೆ ಯಾರೋ ಸುತ್ತಿದ್ದ ಮೇಲಿನ ಅರಿವೆ ಹರಿದು ನೋಡಿದಳು. ಎರಡು ಮೊಳೆ ಹೊರಮುಖವಾಗಿ ಚಾಚಿದ್ದವು. ಮೂರನೆಯದರ ಜಾಗ ಖಾಲಿ.

"ಅಣ್ಣಾ! ಏನಿದು?"

ಲಾಲಪ್ಪನ ಮುಖ ಬಿಳಿಚಿಕೊಂಡಿತು.

"ಅದು... ಒಂದ್ ಸಲ ಚುಚ್ಚಿದ್ರ ಹಿಂದ ಸರೀತಾನ ಅನಕೊಂಡೆ ಗಾಳಿ. ಅಂವನ್ನ ದಾಟಿ ಗೋಲ್ ಹೊಡದ್ರ ನನ್ನೂ ಪಲ್ಟನ್‌ಗೆ ಕರೀತಿದ್ರು... ಅಂವ ಸರೀಲಿಲ್ಲ. ಮೊಳಿ ಅಂವನ ಕಾಲಾಗ ಸಿಗಾಕ್ಕೊಂತು. ಬಿಡಿಸ್ಕೊಳಾಕ ಹೋಗಿ ನನ್ ಕಾಲ ತಿರುಚಿ..."

"ಅಂವ ಒದೀಲಿಲ್ಲ?"

ಲಾಲಪ್ಪ ಗೋಡೆಯ ಕಡೆ ತಿರುಗಿದ.

"ಇಲ್ಲ."

ಗಾಳೆಮ್ಮ ಹೊರಗೆ ಹೋಗಿ ನಿಜವಾಗಿಯೂ ವಾಂತಿ ಮಾಡಿಕೊಂಡಳು. ಆ ಗಾಯವನ್ನು ಬೇಕೆಂದೇ ಒರಟಾಗಿ ಉಜ್ಜಿದ ತನ್ನ ಕೈಗಳನ್ನೇ ನೋಡಲು ಅಸಹ್ಯವಾಯಿತು. ನಾನು ಹೊಲಿದ ಪಟ್ಟಿ... ನನ್ನ ಅಪ್ಪನ ಮೊಳೆ... ನನ್ನ ಬಾಯಿಂದಲೇ ಥೂ ಅಂದೆನಲ್ಲ!

ತಿರುಗಿ ಬಂದಾಗ ಪಕೀರಪ್ಪ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದ.

"ಎಲ್ಲಾ ಗೊತ್ತಾತು" ಎಂದಳು. ಮುಷ್ಟಿ ಬಿಚ್ಚಿ ಮೊಳೆ ತೋರಿಸಿದಳು. "ಯಾಕ ಹೇಳ್ಲಿಲ್ರೀ ಅವತ್ತ? ತಪ್ಪು ನಂದ ಅಂತ ಯಾಕ ಅಂದ್ರಿ?"

"ಅಂವನ ಎಲುಬು ಹೊರಗ ಬಂದಿತ್ತು. ಜನ ಸುತ್ತಾ ನಿಂತಿದ್ರು. ಆ ಹೊತ್ತಿನಾಗ ಮೋಸಗಾರ ಅಂದಿದ್ರ ಅಂವ ಅಲ್ಲೇ ಸಾಯ್ತಿದ್ದ." ಮೊಣಕಾಲು ಸವರುತ್ತ ಮುಂದುವರಿಸಿದ. "ಮೊಳಿ ಒಳಗ ಉಳದೈತಿ ಅಂತ ನನಗೂ ಗೊತ್ತಿರ್ಲಿಲ್ಲ. ಗೀರಿದ್ದು ಅಷ್ಟ ಅನಕೊಂಡಿದ್ದೆ. ಊರಿಗೆ ಹೋಗಿ ಸೊಪ್ಪು ಕಟ್ಟಿದೆ..."

"ಮತ್ತ ನಿಮ್ ತಂಡದವ್ರು?"

"ಕಪ್ತಾನ ಬೆನ್ನ ತಟ್ಟಿ 'ಶಾಬಾಶ್, ಚಲೋ ಮುರದಿ' ಅಂದ್ರು. ಎಲ್ಲಾರೂ ನಕ್ರು. ಆ ನಗೀ ಕೇಳಿ ನನಗ ಎಷ್ಟ್ ಹೇಸಿಗಿ ಆತಂದ್ರ... ಕೊಟ್ಟ ಶರಬತ್ತು ಹಂಗ ಚೆಲ್ಲಿಬಿಟ್ಟೆ."

ಗಾಳೆಮ್ಮ ಅವನ ಪಾದದ ಬಳಿ ಕೂತು ಅತ್ತಳು.

ಮರುದಿನ ಡಾಕ್ಟರ್ ಸಾಹೇಬರು ಕಿರುಬೆರಳನ್ನೂ ಅದರ ಪಕ್ಕದ ಬೆರಳನ್ನೂ ಕತ್ತರಿಸಿದರು. ಇಲ್ಲದಿದ್ದರೆ ಪಾದವೇ ಹೋಗುತ್ತಿತ್ತು. ಗಾಳೆಮ್ಮ ಬೋಗುಣಿ ಹಿಡಿದು ನಿಂತಿದ್ದಳು. ಅವನು ಎಚ್ಚರವಾಗಿ, "ಇನ್ ಮ್ಯಾಲ ಆಡಾಕ ಆಗ್ತದೇನ್ರೀ?" ಎಂದು ಕೇಳಿದಾಗ ಅವಳು ಬೋಗುಣಿ ಕೆಳಗಿಟ್ಟಳು.

"ಇಲ್ರೀ" ಎಂದಳು. ಸುಳ್ಳು ಹೇಳಲು ಅವಳಿಗೆ ಮನಸ್ಸಾಗಲಿಲ್ಲ.

ಪಕೀರಪ್ಪ ಕಣ್ಣು ಮುಚ್ಚಿಕೊಂಡ. ಆರು ವರ್ಷದ ಆಟ ಅಲ್ಲಿಗೆ ಮುಗಿಯಿತು.

ತಿಂಗಳಾದ ಮೇಲೆ ಅವನು ಮಸ್ಕಿಗೆ ಹೊರಟ. ಗಾಡಿ ಹತ್ತುವಾಗ ಏನೋ ಹೇಳಲು ಬಾಯಿ ತೆರೆದ... ಹೇಳಲಿಲ್ಲ. ಅವಳೂ ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಆದರೆ ಮನೆಯಲ್ಲಿ ಅವಳು ಸುಮ್ಮನಿರಲಿಲ್ಲ.

"ಅಣ್ಣಾ, ಊರೆಲ್ಲಾ ಇನ್ನೂ ಅಂವನ್ನ ಬೈಯಾಕತ್ತೈತಿ. ನೀ ಅದನ್ನ ಕೇಳ್ಕೊಂತ ಉಣ್ಣಾಕತ್ತೀಯಲ್ಲ, ಹೆಂಗ ಇಳೀತೈತಿ ಗಂಟಲಾಗ?"

"ನಾ ಕುಂಟ ಆಗೀನಿ, ಇನ್ನ ಕಳ್ಳನೂ ಆಗ್ಲೇನು?"

"ಕುಂಟ ಆದ್ರ ನಿನ್ ಕಾಲ ಒತ್ತತೀನಿ. ಹಿಂಗ ಇದ್ರ ನಿನ್ನ ನೋಡಾಕ ನನಗ ಆಗಾಂಗಿಲ್ಲ."

ಎರಡು ತಿಂಗಳು ಅಣ್ಣ ತಂಗಿಯರ ನಡುವೆ ಮಾತಿರಲಿಲ್ಲ. ಆಮೇಲೊಂದು ಶುಕ್ರವಾರ ಲಾಲಪ್ಪ ಕೋಲೂರಿಕೊಂಡು ಛಾವಣಿ ಮೈದಾನಕ್ಕೆ ಹೋದ. ಆಟ ನಿಲ್ಲಿಸಿ, ಊರ ಹುಡುಗರ ಮುಂದೆ, ಬಾಬುಸಾಬರ ಮುಂದೆ, ಮೊಳೆಯ ಪಟ್ಟಿ ನೆಲಕ್ಕೆ ಹಾಕಿ ಎಲ್ಲವನ್ನೂ ಹೇಳಿದ. ಒಬ್ಬ ಅವನ ಮುಖಕ್ಕೇ ಉಗಿದ. ಲಾಲಪ್ಪ ಒರೆಸಿಕೊಂಡ. ಗಾಳೆಮ್ಮ ಜನರ ನಡುವಿನಿಂದ ನುಗ್ಗಿ ಬಂದು ಅಣ್ಣನ ತೋಳು ಹಿಡಿದು ಮನೆಗೆ ಕರೆದುಕೊಂಡು ನಡೆದಳು.

ಬಾಬುಸಾಬ್ ತಡಮಾಡಲಿಲ್ಲ. ಮರುವಾರವೇ ಮಸ್ಕಿಯ ಸಂತೆಗೆ ಹೋಗಿ ಪಕೀರಪ್ಪನನ್ನು ಹುಡುಕಿ, ಕೈಹಿಡಿದು ಮಾಫಿ ಕೇಳಿದರು. ಊರ ತಂಡಕ್ಕೆ ಆಟ ಕಲಿಸಲು ಬಾ ಎಂದು ಕರೆದರು.

ಅವನು ಬಂದ. ಆದರೆ ಮೈದಾನಕ್ಕೆ ಹೋಗುವ ಮೊದಲು ದವಾಖಾನೆಗೆ ಬಂದ.

ಗಾಳೆಮ್ಮ ಬಾವಿಕಟ್ಟೆಯ ಹತ್ತಿರ ಪಟ್ಟಿ ಒಗೆಯುತ್ತಿದ್ದಳು. ಕುಂಟು ಹೆಜ್ಜೆಯ ಸದ್ದಿಗೆ ತಿರುಗಿದಳು. ಎದೆ ಒಮ್ಮೆಲೇ ಹೊಡೆದುಕೊಂಡಿತು!

"ಕಾಲು ನೋಯ್ತೈತೇನ್ರೀ?" ಅಷ್ಟೇ ಬಾಯಿಗೆ ಬಂತು.

"ಇಲ್ಲ. ಕಾಲಿಗೆ ಬಂದಿಲ್ರೀ ನಾ."

ಹಗ್ಗದ ಮೇಲಿನ ಪಟ್ಟಿಗಳು ಗಾಳಿಗೆ ಅಲುಗುತ್ತಿದ್ದವು.

"ಗಾಳೆಮ್ಮಾ... ಲಾಲಪ್ಪ ಹೇಳಿದ್ದು ಕೇಳಿದೆ. ಅದಕ್ಕೂ ನಾ ಬಂದಿಲ್ಲ. ಎರಡ್ಮೂರು ತಿಂಗಳು ಮಸ್ಕ್ಯಾಗ ಕುಂತು ಒಂದ ವಿಚಾರ ಮಾಡೀನಿ. ಆಟ ಹೋತು. ಪಲ್ಟನ್ ಹೋತು. ಅದಕ್ಕ ದುಃಖ ಐತಿ. ಆದ್ರ ದಿನಾ ಮುಂಜಾನಿ ಎದ್ದಕೂಡ್ಲೇ ನೆನಪಾಗೋದು ಅದಲ್ಲ... ನೀವು."

ಅವಳ ಕೈಯಿಂದ ಪಟ್ಟಿ ಜಾರಿತು.

"ನಿಮ್ ಆಟ ಹಾಳ ಮಾಡಿದ್ದು ನಮ್ ಮನಿ. ನನ್ನ ನೋಡಿದ್ರ ನಿಮಗ ಸಿಟ್ಟ ಬರಾಂಗಿಲ್ಲೇನು?"

"ಸಿಟ್ಟ ಬಂದಿದ್ರ ಇಷ್ಟ ದೂರ ನಡಕೊಂತ ಬರ್ತಿದ್ನೇನು?"

"ನಡಕೊಂತ? ಮಸ್ಕಿಯಿಂದ?" ಅವಳು ದಡಬಡಿಸಿ ಎದ್ದಳು. "ಹುಚ್ಚಿಡದೈತೇನು ನಿಮಗ! ಕುಂದರ್ರಿ ಮೊದ್ಲು!"

ಅವನು ನಗುತ್ತ ಬಾವಿಕಟ್ಟೆಯ ಮೇಲೆ ಕೂತ. ಅವಳು ಕಣ್ಣೀರು ಒರೆಸಿಕೊಂಡು ಎದುರಿಗೆ ನಿಂತಳು.

"ನಿಮ್ ಅಪ್ಪನ್ನ ಕೇಳ್ಲೇನು?"

"ಮೊದ್ಲು ನನ್ನ ಕೇಳ್ರಿ."

"ಗಾಳೆಮ್ಮ, ನನ್ನ ಲಗ್ನ ಆಗ್ತಿ?"

"ನಾ ಈ ನೌಕರಿ ಬಿಡಾಂಗಿಲ್ಲ. ಮಸ್ಕಿಗೆ ಬರಾಂಗಿಲ್ಲ."

"ನಾನ ಇಲ್ಲೇ ಇರ್ತೀನಿ."

"ಎಷ್ಟ ದಿನ?"

"ನೀ ಹೋಗು ಅನ್ನೋತನ."

ಅವಳು ಬಾವಿಯ ನೀರು ಸೇದಿ, ಅವನ ಬೊಗಸೆಗೆ ಮೆಲ್ಲಗೆ ಸುರಿದಳು.

"ಹಂಗಾದ್ರ ಇನ್ನ ಹೋಗೋ ಮಾತ ಇಲ್ಲ ಬಿಡ್ರಿ" ಎಂದಳು ಗಾಳೆಮ್ಮ.