ಹೂಳಳೆಯುವ ದೋಣಿಯ ನೀಲಿ ದೀಪ

ತುಂಗಭದ್ರಾ ಜಲಾಶಯವನ್ನು ಒಂದೇ ಉಸಿರಿಗೆ ಈಜಿ ದಾಟಿ, ಆಚೆ ದಡದಲ್ಲಿ ಚಹಾ ಕುಡಿದು, ಅದೇ ಉಸಿರಿನಲ್ಲಿ ವಾಪಸ್ಸು ಬಂದವನು ನಾನು. ಇಂಥ ಮಧ್ವೇಶ ಜೊತೆಗಿದ್ದುದರಿಂದಲೇ ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ನಮ್ಮ ಕೃಷ್ಣಾಬಾಯಿ ಅತ್ತೆಗೆ ಪತ್ತೇದಾರಿಯಲ್ಲಿ ಹೆಸರು ಬಂದದ್ದು. ಕಾಲುವೆ ಆಫೀಸಿನಿಂದ ನಿವೃತ್ತರಾದ ಮೇಲೆ ಅವರಿಗೆ ಅದೇ ಕೆಲಸ.

2007ರ ಡಿಸೆಂಬರಿನ ಒಂದು ಬೆಳಿಗ್ಗೆ ದೋಣಿ ನಡೆಸುವ ಪಕ್ಕೀರಪ್ಪ ಬಂದು ಬಾಗಿಲಲ್ಲಿ ನಿಂತ.

"ಬಾಯಾರ, ನನ್ನ ಕೆಲಸ ಹೋಗಂಗೈತ್ರಿ. ಮಷಿನ್ ನಾನೇ ಕೆಡಿಸೀನಿ ಅಂತಾರ. ದೋಣಿ ಬಿಟ್ರ ನನಗ ಬ್ಯಾರೆ ಏನೂ ಬರಂಗಿಲ್ರಿ."

ಸಂಡೂರಿನ ಅದಿರು ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ್ದ ಕಾಲ. ಡ್ಯಾಮಿನ ಹೂಳು ಅಳೆಯಲು ಕಾರವಾರದಿಂದ ಪ್ರಿಯಂವದಾ ಬಂದಿದ್ದಳು. ದೋಣಿ ಎಲ್ಲಿದೆ ಎಂದು ಹೇಳುವ ಜಿಪಿಎಸ್, ನೀರಿನ ಆಳ ಹೇಳುವ ಯಂತ್ರ, ಎರಡನ್ನೂ ಒಂದು ಪೆಟ್ಟಿಗೆಗೆ ಜೋಡಿಸಿದ್ದರು. ಪೆಟ್ಟಿಗೆ ಆ ಲೆಕ್ಕವನ್ನು ತಂತಿಯಿಲ್ಲದೆ ಅವಳ ಲ್ಯಾಪ್‌ಟಾಪಿಗೆ ಕಳಿಸುತ್ತಿತ್ತು. ಒಂದು ಸಲಕ್ಕೆ ಒಂದೇ ಲ್ಯಾಪ್‌ಟಾಪನ್ನು ಅದು ಒಳಗೆ ಬಿಟ್ಟುಕೊಳ್ಳುವುದು; ಬಿಟ್ಟುಕೊಂಡಾಗ ನೀಲಿ ದೀಪ. ಸಹಾಯಕ್ಕೆ ಸೇರಿದ್ದ ನಾನೇ ಅದನ್ನು ಜೀಪಿನಿಂದ ದೋಣಿಗೆ ಹೊತ್ತೆ. ಆನೆಮರಿಯಷ್ಟು ಭಾರ!

ಹೊಸ ಸಾಮಾನು ನೀರಿಗಿಳಿಯುವಾಗ ಗಂಗಮ್ಮನ ಪೂಜೆಯಾಗಬೇಕು. ಪಕ್ಕೀರಪ್ಪ ಪೆಟ್ಟಿಗೆಗೆ ಕುಂಕುಮ ಮೆತ್ತಿ ನೀರು ಚಿಮುಕಿಸಿದ. ಮರುದಿನದಿಂದ ಮೂರು ದಿನ ಪ್ರಿಯಂವದಾಳ ಲ್ಯಾಪ್‌ಟಾಪಿಗೆ ಸಂಪರ್ಕವೇ ಸಿಗಲಿಲ್ಲ. ನೀರು ಬಿದ್ದೇ ಕೆಟ್ಟಿತೆಂದು ಅವಳು ಇಂಜಿನಿಯರ್ ಶ್ರೀಪತಿಯವರಿಗೆ ದೂರಿದ್ದಳು.

ಅದೇ ದಿನ ಹನ್ನೊಂದರ ಹೊತ್ತಿಗೆ ಅತ್ತೆ ದೋಣಿ ಹತ್ತಿ ನನ್ನ ಪಕ್ಕ ಕೂತರು. ಪೆಟ್ಟಿಗೆಯ ಮೇಲೆ ಕುಂಕುಮ ಒಣಗಿ ಬಿಲ್ಲೆಯಾಗಿತ್ತು.

"ಈ ಕುಂಕುಮದ ಅಡಿಗೆ ಏನದ?"

"ಪೆಟ್ಟಿಗೆಗೆ ಅಂಟಿಸಿದ ಪಾಸ್‌ವರ್ಡ್ ಚೀಟಿ," ಎಂದಳು ಪ್ರಿಯಂವದಾ. "ನನಗೆ ಬಾಯಿಪಾಠ ಇದೆ, ಅದಕ್ಕೇ ಕೆರೆದು ತೆಗೆಯಲಿಲ್ಲ."

"ನಿಮ್ಮ ಲ್ಯಾಪ್‌ಟಾಪ್ ಪೂರ್ತಿ ಆರಿಸ್ರಿ."

ಆರಿಸಿದಳು. ನೀಲಿ ದೀಪ ಉರಿಯುತ್ತಲೇ ಇತ್ತು. ಅತ್ತೆಯ ಕೈ ಯಾಕೋ ನನ್ನ ಚೀಲದ ಮೇಲೆ ಬಿತ್ತು.

"ಏನೋ ಇದು, ಇಷ್ಟು ಬಿಸಿ?"

"ಉಪ್ಪಿಟ್ಟು, ಅತ್ತೆ. ನಾನು ಮಾಡಿದ್ದು ಮೂರು ದಿನ ಆರೂದಿಲ್ಲ."

ಸಂಜೆ ಅತ್ತೆಯ ಮನೆಯಲ್ಲಿ ಎಲ್ಲರೂ ಸೇರಿದೆವು. ಶ್ರೀಪತಿ ಗಡಿಯಾರ ನೋಡುತ್ತಿದ್ದರು. ಪಕ್ಕೀರಪ್ಪ ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಪೆಟ್ಟಿಗಿ ಕೆಟ್ಟಿಲ್ಲ," ಎಂದರು ಅತ್ತೆ. "ಈಕಿದು ಆರಿಸಿದ ಮ್ಯಾಲೂ ದೀಪ ಉರೀತಿತ್ತು. ಅಂದ್ರ ಇನ್ನೊಂದು ಲ್ಯಾಪ್‌ಟಾಪ್ ಮೊದಲೇ ಒಳಗ ಹೊಕ್ಕು ಕೂತದ. ಹೊಗಲಿಕ್ಕೆ ಪಾಸ್‌ವರ್ಡ್ ಬೇಕು. ಚೀಟಿ ಪೂಜಿ ದಿನದಿಂದ ಕುಂಕುಮದಡಿ ಅದ. ಅದಕ್ಕ ಮೊದಲು ಪೆಟ್ಟಿಗಿ ಹೊತ್ತವರು ಯಾರು? ಹನ್ನೊಂದು ಗಂಟೆಗೂ ಯಾರ ಉಪ್ಪಿಟ್ಟು ಅಷ್ಟು ಸುಡ್ತಿತ್ತು? ಮಧ್ವೇಶ, ಚೀಲ ಬಿಚ್ಚು."

ಬಿಚ್ಚಿದೆ. ಹೊಸಪೇಟೆಯ ಭಾವನ ಸೈಬರ್ ಅಂಗಡಿಯಿಂದ ತಂದ ಲ್ಯಾಪ್‌ಟಾಪ್. ಮುಚ್ಚಿದರೂ ಮಲಗದಂತೆ ನಾನೇ ಹೊಂದಿಸಿದ್ದೆ.

"ಹೌದು, ನಾನೇ," ಎಂದೆ. "ಪಕ್ಕೀರಪ್ಪನ ಮ್ಯಾಲೆ ಬರ್ತದ ಅಂತ ಗೊತ್ತಿರಲಿಲ್ಲ. ಗೊತ್ತಾದ ಮ್ಯಾಲೂ ಬಾಯಿ ಬಿಡಲಿಲ್ಲ."

"ಲೇ ಸ್ವಾಮಿ," ಎಂದ ಪಕ್ಕೀರಪ್ಪ, "ಮೂರು ದಿನದಿಂದ ನನ್ನ ಹೆಂಡ್ತಿ ಗಂಗಮ್ಮಗ ತಪ್ಪುಕಾಣಿಕಿ ಕಟ್ಟಾಕತ್ಯಾಳ!"

ಶ್ರೀಪತಿ ಎದ್ದರು. "ಪಕ್ಕೀರಪ್ಪ, ನಾಳೆ ದೋಣಿ ನೀನೇ ತೊಗೊಂಡು ಹೋಗು. ಇವ ದಡದಾಗೇ ಇರ್ಲಿ."

ಪ್ರಿಯಂವದಾ ನನ್ನನ್ನೇ ನೋಡುತ್ತಿದ್ದಳು. "ಯಾಕೆ?"

"ನಿಮ್ಮ ಕೆಲಸ ನಾಲ್ಕೇ ದಿನದ್ದು. ಮುಗಿದರ ಕಾರವಾರಕ್ಕ ಹೋಗ್ತೀರಿ. ಮುಗೀದೇ ಇದ್ರ..."

"ಇನ್ನೆರಡು ದಿನ ಇರಿ ಅಂತ ಕೇಳಬಹುದಿತ್ತಲ್ಲ?"

ಹೇಳಲು ಒಂದು ಬಡಾಯಿಗಾಗಿ ತಡಕಾಡಿದೆ. ಒಂದೂ ಸಿಗಲಿಲ್ಲ.

"ಧೈರ್ಯ ಇರಲಿಲ್ಲರಿ," ಎಂದೆ.