ಒಂದು ಮೊಳ ಬರಿ ಗೋಡೆ

"ಏನ್ರೀ ಮೇಸ್ತ್ರಿ, ಇಲ್ಲಿಗೆ ಗಾರೆ ಯಾರು ಬಳೀತಾರೆ? ನಿಮ್ಮ ತಾತನಾ?"

ಬಹೋರಾಳ ದನಿಗೆ, ಬುಖಾರಾದ ಯಹೂದಿಗಳ ಪ್ರಾರ್ಥನಾಮಂದಿರ, ಆ ಹಳೆಯ ಸಿನಗಾಗ್‌ನ ಕೆತ್ತನೆ ಕಂಬಗಳ ಮೇಲಿದ್ದ ಪಾರಿವಾಳಗಳು ಹಾರಿಹೋದವು. ಮೇಸ್ತ್ರಿ ಉರಿಯೆಲ್ ಮಾತ್ರ ಕದಲಲಿಲ್ಲ. ಸಮರ್ಕಂದದಿಂದ ಬಂದು ಎರಡು ತಿಂಗಳು ಗೋಡೆಗಳನ್ನೆಲ್ಲ ಹೊಸದು ಮಾಡಿದ ಮೇಸ್ತ್ರಿ, ಬಾಗಿಲಿನ ಎದುರಿಗೇ ಒಂದು ಮೊಳ ಇಟ್ಟಿಗೆ ಬರಿದಾಗಿ ಬಿಟ್ಟು ಗಂಟುಮೂಟೆ ಕಟ್ಟುತ್ತಿದ್ದ!

"ಅದು ಹಾಗೇ..."

"ಸುಮ್ನಿರಿ! ಮಧ್ಯಾಹ್ನದ ರೈಲು ತಪ್ಪುತ್ತೆ ಅಂತ ತಾನೇ? ಊರಿಗೆ ಓಡೋಕೆ ಅಷ್ಟು ಆತುರ!"

'ದಿನಾ ನಾನು ತಂದ ಚಹಾ ಕುಡಿದೆಯಲ್ಲೋ... ಹೋಗೋ ದಿನ ಒಂದು ಮಾತೂ ಇಲ್ವಾ?' ಅವಳ ಕಣ್ಣು ತುಂಬಿತು. ಅಳು ಮರೆಸಲು ಕರಣೆ ಕಸಿದು, ಉಳಿದಿದ್ದ ಗಾರೆಯನ್ನೆಲ್ಲ ಆ ಜಾಗಕ್ಕೆ ತಾನೇ ಮೆತ್ತಿದಳು.

ಉರಿಯೆಲ್ ಬಾಯಿ ತೆರೆದ. ಅವಳು ಕರಣೆ ಎತ್ತಿದಳು. ಅವನು ಬಾಯಿ ಮುಚ್ಚಿದ.

ಅಷ್ಟರಲ್ಲಿ ಅವಳ ತಾತ ನಿಸಿಮ್ ಬಂದರು. ಮುನ್ನೂರು ವರ್ಷದ ಆ ಮಂದಿರದ ಉಸ್ತುವಾರಿ ಅವರದೇ. ಗೋಡೆ ನೋಡಿ ತಲೆಯ ಮೇಲೆ ಕೈ ಹೊತ್ತರು.

"ಅಯ್ಯೋ! ಯಾರದಿದು ಘನಂದಾರಿ ಕೆಲಸ? ಜೆರುಸಲೇಮಿನ ದೇವಾಲಯ ಉರುಳಿದ ದುಃಖ ಮರೀಬಾರದು ಅಂತ ನಮ್ಮ ಹಿರಿಯರು ಬರಿದಾಗಿ ಬಿಟ್ಟ ಜಾಗ ಕಣೇ ಅದು!"

"ನಾನು ನೋಡೇ ಇಲ್ವಲ್ಲ ತಾತ..."

"ಹೇಗೆ ನೋಡ್ತೀಯ? ಚೆನ್ನಾಗಿ ಕಾಣಲ್ಲ ಅಂತ ನಿಮ್ಮಜ್ಜಿ ತನ್ನ ಮದುವೆಯ ಕಸೂತಿ ಪರದೇನೇ ಅಲ್ಲಿ ಇಳಿಬಿಟ್ಟಿದ್ಲು! ಸೂರ್ಯ ಮುಳುಗಿದ್ರೆ ಶಬ್ಬಾತ್, ಕೆಲಸ ಮುಟ್ಟೋ ಹಾಗಿಲ್ಲ. ಕೆರೀರಿ ಬೇಗ!"

ಉರಿಯೆಲ್‌ನ ಗಾರೆ ನೋಡುನೋಡುತ್ತಲೇ ಕಲ್ಲಾಗುವ ಜಾತಿಯದು. ಇಬ್ಬರೂ ಕೆರೆದೇ ಕೆರೆದರು. ರೈಲು ಹೊರಟುಹೋಯಿತು.

"ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಬಿಟ್ರಲ್ವಾ ಹೇಳೋಕೆ! ಆಮೇಲೆ ಅನ್ನಿಸ್ತು... ಬಳಿದ್ರೆ ಕೆರೀಬೇಕು, ಕೆರೀತಾ ಕೂತ್ರೆ ರೈಲು ತಪ್ಪುತ್ತೆ..." ಅವನ ಕಿವಿ ಕೆಂಪಾಯಿತು.

"ಕಳ್ಳ!" ಎಂದಳು ಬಹೋರಾ. ಗಾರೆ ಮೆತ್ತಿದ ಮೂಗಿನಡಿ ನಗು ಮಾತ್ರ ನಿಲ್ಲಲಿಲ್ಲ.

ಕೊನೆಯ ಇಟ್ಟಿಗೆಯೂ ಕಂಡಿತು. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು.

"ಬಹೋರಾ... ನಮ್ಮ ಮನೇಲೂ ಬಾಗಿಲ ಎದುರಿಗೆ ಇಂಥದ್ದೇ ಒಂದು ಮೊಳ ಇದೆ. ಅದಕ್ಕೆ ಗಾರೆ ಬಳಿಯಲ್ಲ ಅಂತ ನೀವು ಮಾತು ಕೊಟ್ರೆ... ನನ್ನ ಜೊತೆ ಬರ್ತೀರಾ?"

ಬಹೋರಾ ಮೂಲೆಯಲ್ಲಿ ಮಡಿಸಿಟ್ಟಿದ್ದ ಅಜ್ಜಿಯ ಪರದೆಯ ಕಡೆ ನೋಡಿದಳು.

"ಬಳಿಯಲ್ಲ, ಬರ್ತೀನಿ. ಆದ್ರೆ ಮದುವೆ ಪರದೆಗೆ ನಾನೇ ಕಸೂತಿ ಹಾಕ್ಬೇಕು. ಒಂದು ವರ್ಷ ಹಿಡಿಯುತ್ತೆ... ಕಾಯ್ತೀರಾ?"

"ಹದಿನೈದು ದಿನದ ಕೆಲಸಾನ ಎರಡು ತಿಂಗಳು ಎಳೆದವನು ನಾನು," ಎಂದ ಉರಿಯೆಲ್. "ನೀವು ಚಹಾ ತರ್ತಾ ಇರಿ, ಸಾಕು."